ಬೆಕ್ಕೂ ಇರಲಿ, ಪಿಕಳಾರವೂ ಇರಲಿ: ಮನೆ ಬೆಕ್ಕಿನಿಂದ ಹಿತ್ತಲ ಹಕ್ಕಿಗಳನ್ನು ಉಳಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆ ಮಲೆನಾಡಿನ ಸಾಗರ ಪಟ್ಟಣದ ಹತ್ತಿರ. ಅಡುಗೆಮನೆ ಕಿಟಕಿಯ ಆಚೆ ಒಂದು ದಾಸವಾಳದ ಪೊದೆ ಇದೆ. ಒಂದು ಏಪ್ರಿಲ್‌ನಲ್ಲಿ ಕೆಮ್ಮೀಸೆ ಪಿಕಳಾರದ ಜೋಡಿ ಅದರಲ್ಲಿ ಗೂಡು ಕಟ್ಟಿತು. ಮೊಟ್ಟೆ ಇಟ್ಟಿದ್ದು, ಮರಿ ಬಾಯಿ ತೆರೆದಿದ್ದು, ಎಲ್ಲವನ್ನೂ ಪಾತ್ರೆ ತೊಳೆಯುತ್ತಲೇ ನೋಡಿದೆ. ಮರಿಗಳು ಗೂಡಿನಿಂದ ಹೊರಗೆ ಬಂದ ದಿನವೇ ನಮ್ಮ ಬೆಕ್ಕು ಚುಕ್ಕಿ ಒಂದನ್ನು ಕಚ್ಚಿಕೊಂಡು ಬಂದು ಹೊಸ್ತಿಲ ಮೇಲೆ ಇಟ್ಟಿತು. ಸಂಜೆಯೊಳಗೆ ಇನ್ನೆರಡೂ ಹೋದವು. ಅಪ್ಪ ಅಮ್ಮ ಹಕ್ಕಿಗಳು ಕೊಕ್ಕಿನಲ್ಲಿ ಹುಳ ಹಿಡಿದುಕೊಂಡು ಮಾರನೇ ದಿನವೂ ಪೊದೆಯ ಸುತ್ತ ಕೂಗುತ್ತಿದ್ದವು.

ಅವತ್ತು ಚುಕ್ಕಿಯನ್ನು ಚೆನ್ನಾಗಿ ಬೈದೆ. ಆಮೇಲೆ ಕೂತು ಯೋಚಿಸಿದಾಗ ಬೇಜಾರಾಯಿತು. ಬೆಕ್ಕು ಬೆಕ್ಕಿನ ಕೆಲಸ ಮಾಡಿತ್ತು. ಬೆಳಗ್ಗೆ ಐದೂವರೆಗೆ ಬಾಗಿಲು ತೆಗೆದು ಹೊರಗೆ ಬಿಟ್ಟವಳು ನಾನು. ಆಮೇಲಿನ ಎರಡು ವರ್ಷ ನಾನು ಓದಿದ್ದು, ಮಾಡಿ ನೋಡಿದ್ದು, ಸೋತಿದ್ದು, ಗೆದ್ದಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಬೆಕ್ಕನ್ನು ದ್ವೇಷಿಸುವವರಿಗಾಗಿ ಇದನ್ನು ಬರೆದಿಲ್ಲ. ಬೆಕ್ಕು ಸಾಕಿರುವವರಿಗಾಗಿ, ಅದನ್ನು ಪ್ರೀತಿಸುವವರಿಗಾಗಿ ಬರೆದಿದ್ದೇನೆ.

ಇದು ಅಷ್ಟು ದೊಡ್ಡ ವಿಷಯವಾ?

ಹೌದು. ಅಮೆರಿಕದ ವಿಜ್ಞಾನಿಗಳು 2013ರಲ್ಲಿ ಒಂದು ಲೆಕ್ಕ ಹಾಕಿದರು. ಹೊರಗೆ ಅಡ್ಡಾಡುವ ಬೆಕ್ಕುಗಳು ಅಲ್ಲಿ ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಇದರಲ್ಲಿ ಹೆಚ್ಚಿನ ಪಾಲು ಯಾರ ಮನೆಗೂ ಸೇರದ ಬೆಕ್ಕುಗಳದ್ದು. ಆಸ್ಟ್ರೇಲಿಯಾದ ಲೆಕ್ಕ ವರ್ಷಕ್ಕೆ ಸುಮಾರು 37 ಕೋಟಿ 70 ಲಕ್ಷ ಹಕ್ಕಿ. ಇಡೀ ಜಗತ್ತಿನಲ್ಲಿ ಬೆಕ್ಕುಗಳು ಏನೇನು ತಿನ್ನುತ್ತವೆ ಎಂದು 2023ರಲ್ಲಿ ಪಟ್ಟಿ ಮಾಡಿದರು. 2,084 ಬಗೆಯ ಜೀವಿಗಳು ಸಿಕ್ಕವು. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹಕ್ಕಿಗಳೇ.

ದ್ವೀಪಗಳ ಕಥೆ ಇನ್ನೂ ನೋವಿನದ್ದು. ನ್ಯೂಜಿಲೆಂಡಿನಲ್ಲಿ ಸ್ಟೀಫನ್ಸ್ ಅನ್ನೋ ಪುಟ್ಟ ದ್ವೀಪ ಇದೆ. ಅಲ್ಲಿ ಹಾರಲು ಬಾರದ ಒಂದು ಚಿಕ್ಕ ಹಕ್ಕಿ ಇತ್ತು. 1894ರ ಹೊತ್ತಿಗೆ ದೀಪಸ್ತಂಭದ ಕೆಲಸಕ್ಕೆ ಜನ ಬಂದರು, ಅವರ ಜೊತೆ ಬೆಕ್ಕೂ ಬಂತು. ಬೆಕ್ಕು ಹೊತ್ತು ತಂದ ಸತ್ತ ಹಕ್ಕಿಗಳಿಂದಲೇ ವಿಜ್ಞಾನಿಗಳಿಗೆ ಆ ಹಕ್ಕಿ ಇದೆ ಅಂತ ಗೊತ್ತಾಯಿತು. ಕೆಲವೇ ವರ್ಷದಲ್ಲಿ ಅದು ಭೂಮಿಯಿಂದಲೇ ಮಾಯವಾಯಿತು. ಒಂದೇ ಬೆಕ್ಕು ಇಡೀ ಕುಲವನ್ನು ಮುಗಿಸಿತು ಅಂತ ಹೇಳುವುದುಂಟು. ನಿಜವಾಗಿ ದ್ವೀಪದಲ್ಲಿ ಬೆಕ್ಕುಗಳ ಸಂಖ್ಯೆ ಬೇಗ ಬೆಳೆದಿತ್ತು.

ನಮ್ಮ ಊರು ದ್ವೀಪ ಅಲ್ಲ. ಅಮೆರಿಕದ ಅಂಕಿಯನ್ನು ತಂದು ಇಲ್ಲಿಗೆ ಅಂಟಿಸುವುದೂ ಸರಿಯಲ್ಲ. ನಮ್ಮ ಹಕ್ಕಿಗಳಿಗೆ ದೊಡ್ಡ ಪೆಟ್ಟು ಬಿದ್ದಿರುವುದು ಕೆರೆ, ಹುಲ್ಲುಗಾವಲು, ಕಾಡು ಹೋಗಿದ್ದರಿಂದ. ಆದರೆ ಅಷ್ಟೆಲ್ಲ ಕಳೆದುಕೊಂಡ ಹಕ್ಕಿಗೆ ಉಳಿದಿರುವ ಜಾಗವೇ ನಮ್ಮ ಹಿತ್ತಲು, ತೋಟ, ಕಾಂಪೌಂಡಿನ ಮೂಲೆ. ಅಲ್ಲೂ ಬೆಕ್ಕು ಕಾದಿದ್ದರೆ ಅದು ಎಲ್ಲಿಗೆ ಹೋಗಬೇಕು?

"ಬೆಕ್ಕು ಬೇಟೆಯಾಡುವುದು ಪ್ರಕೃತಿ ನಿಯಮ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಕಾಡಿನ ಬೇಟೆಗಾರ ಪ್ರಾಣಿಗೆ ಬೇಟೆ ಕಡಿಮೆಯಾದರೆ ಅದರ ಸಂಖ್ಯೆಯೂ ಇಳಿಯುತ್ತದೆ. ಮನೆ ಬೆಕ್ಕಿಗೆ ಆ ಲೆಕ್ಕ ಇಲ್ಲ. ಹಕ್ಕಿ ಇದ್ದರೂ ಇಲ್ಲದಿದ್ದರೂ ನಮ್ಮ ತಟ್ಟೆಯಲ್ಲಿ ಅದರ ಅನ್ನ ಇದ್ದೇ ಇರುತ್ತದೆ. ಹಾಗಾಗಿ ಒಂದು ಬೀದಿಯಲ್ಲಿ ಹದಿನೈದು ಬೆಕ್ಕು ಇರಬಹುದು. ಯಾವ ಕಾಡೂ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಬೇಟೆಗಾರರನ್ನು ಸಾಕುವುದಿಲ್ಲ.

ಹೆಜ್ಜೆ 1: ಒಂದು ತಿಂಗಳು ಬರೆದಿಡಿ

"ನಮ್ಮ ಬೆಕ್ಕು ಪಾಪದ್ದು, ಹಕ್ಕಿ ಹಿಡಿಯೋದೇ ಇಲ್ಲ." ನಾನೂ ಹೀಗೇ ಹೇಳುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಯಾರಿಗೂ ಕಾಣಲ್ಲ ಅನ್ನುತ್ತಾರಲ್ಲ, ಇಲ್ಲಿ ಕಣ್ಣು ಮುಚ್ಚಿದ್ದು ನಾನು. ಅಮೆರಿಕದ ಜಾರ್ಜಿಯಾದಲ್ಲಿ 55 ಮನೆ ಬೆಕ್ಕುಗಳ ಕುತ್ತಿಗೆಗೆ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದರು. ಹಿಡಿದ ಬೇಟೆಯಲ್ಲಿ ಕಾಲು ಭಾಗಕ್ಕಿಂತ ಕಡಿಮೆಯನ್ನು ಮಾತ್ರ ಅವು ಮನೆಗೆ ತಂದಿದ್ದವು. ಉಳಿದದ್ದನ್ನು ಅಲ್ಲೇ ತಿಂದವು, ಇಲ್ಲವೇ ಅಲ್ಲೇ ಬಿಟ್ಟು ಬಂದವು. ಅಂದರೆ ಹೊಸ್ತಿಲ ಮೇಲೆ ಒಂದು ಕಂಡರೆ ಹೊರಗೆ ಇನ್ನೂ ಮೂರ್ನಾಲ್ಕು ಇರಬಹುದು.

ಒಂದು ಹಳೇ ನೋಟ್‌ಬುಕ್ ಸಾಕು. ಬೆಕ್ಕು ಎಷ್ಟು ಗಂಟೆಗೆ ಹೊರಗೆ ಹೋಯಿತು, ಎಷ್ಟಕ್ಕೆ ಬಂತು, ಏನು ತಂದಿತು, ಎಲ್ಲಿ ಕೂತು ಹೊಂಚು ಹಾಕುತ್ತದೆ ಅಂತ ಬರೆಯಿರಿ. ಗುಡಿಸುವಾಗ ಗರಿ ಸಿಕ್ಕರೆ ಅದನ್ನೂ ಬರೆಯಿರಿ. ಓತಿಕ್ಯಾತ, ಹಲ್ಲಿ, ಅಳಿಲು ಎಲ್ಲವೂ ಸೇರಲಿ. ನನ್ನ ಪುಸ್ತಕ ನೋಡಿದಾಗ ಎರಡು ವಿಷಯ ಗೊತ್ತಾಯಿತು. ಹಕ್ಕಿ ಹಿಡಿಯುತ್ತಿದ್ದದ್ದು ಹೆಚ್ಚಾಗಿ ಬೆಳಗ್ಗೆ ಒಂಬತ್ತರ ಒಳಗೆ. ಹೊಂಚು ಹಾಕುತ್ತಿದ್ದದ್ದು ಒಂದೇ ಜಾಗದಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಹಿಂದೆ.

ಹೆಜ್ಜೆ 2: ಮರಿಯಾಗದಂತೆ ಆಪರೇಷನ್ ಮಾಡಿಸಿ

ಇದನ್ನು ಮುಂದೆ ಹಾಕಬೇಡಿ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಹುದು. ಎರಡು ತಿಂಗಳು ಚಿಲ್ಲರೆ ದಿನದಲ್ಲಿ ಮರಿ ಹಾಕುತ್ತದೆ. ವರ್ಷಕ್ಕೆ ಎರಡು ಮೂರು ಸೂಲು, ಒಂದೊಂದರಲ್ಲಿ ಮೂರರಿಂದ ಐದು ಮರಿ. ಅಷ್ಟು ಮರಿಗಳಿಗೆ ಮನೆ ಹುಡುಕುವುದು ಯಾರಿಂದಲೂ ಆಗದ ಕೆಲಸ.

ಅದಕ್ಕೇ ನಮ್ಮ ಕಡೆ ಒಂದು ಕೆಟ್ಟ ರೂಢಿ ಇದೆ. ಮರಿಗಳನ್ನು ಚೀಲದಲ್ಲಿ ಹಾಕಿ ಹೊಳೆ ಆಚೆಗೋ, ಮೀನು ಮಾರ್ಕೆಟ್ ಹತ್ತಿರವೋ, ಕೆರೆ ಏರಿ ಮೇಲೋ ಬಿಟ್ಟು ಬರುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಹೆಚ್ಚಿನ ಮರಿಗಳು ಹಸಿವಿನಿಂದ, ನಾಯಿ ಬಾಯಲ್ಲಿ, ಗಾಡಿ ಅಡಿಯಲ್ಲಿ ಸಾಯುತ್ತವೆ. ಬದುಕಿ ಉಳಿದವು ಹೊಟ್ಟೆಪಾಡಿಗೆ ಕೆರೆ ದಡದ ಹುಂಡುಕೋಳಿ ಮರಿಯನ್ನೋ, ನೆಲದ ಮೇಲೆ ಗೂಡು ಮಾಡುವ ಟಿಟ್ಟಿಭದ ಮರಿಯನ್ನೋ ಹಿಡಿಯುತ್ತವೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ದೂಡಿ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಐದಾರು ತಿಂಗಳು ತುಂಬುವ ಹೊತ್ತಿಗೆ ಪಶುವೈದ್ಯರ ಹತ್ತಿರ ಮಾತಾಡಿ. ಗಂಡು ಬೆಕ್ಕಿಗೂ ಮಾಡಿಸಿ, ಊರೂರು ಸುತ್ತುವುದು, ಜಗಳ, ಮೂಲೆ ಮೂಲೆಯಲ್ಲಿ ಉಚ್ಚೆ ಹಾರಿಸುವುದು ಕಡಿಮೆಯಾಗುತ್ತದೆ. ಹಾಗೇ ರೇಬಿಸ್ ಲಸಿಕೆಯೂ ಆಗಲಿ. ಇನ್ನೊಂದು ಲಾಭ ಇದೆ. ಆಪರೇಷನ್ ಆದ ಹೆಣ್ಣು ಬೆಕ್ಕನ್ನು ಹೊಲಿಗೆ ಮಾಯುವ ತನಕ, ಹತ್ತು ಹದಿನಾಲ್ಕು ದಿನ, ಹೇಗೂ ಒಳಗೇ ಇಡಬೇಕು. ಹೆಜ್ಜೆ 6ರಲ್ಲಿ ಹೇಳುವ ಅಭ್ಯಾಸವನ್ನು ಆ ದಿನಗಳಲ್ಲೇ ಶುರು ಮಾಡಿ. ನಾನು ಹಾಗೆ ಮಾಡಿದ್ದಕ್ಕೇ ಅರ್ಧ ಕೆಲಸ ಹಗುರಾಯಿತು.

ಹೆಜ್ಜೆ 3: ಹಾಲು ಅನ್ನ ಸಾಲುವುದಿಲ್ಲ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಸಿಗುವುದು ಹಾಲು ಅನ್ನ, ಮೊಸರನ್ನ, ಉಳಿದ ದೋಸೆ. ನಮ್ಮದೂ ಸಸ್ಯಾಹಾರಿ ಮನೆ. ಚುಕ್ಕಿ ಮೂರು ವರ್ಷ ಹಾಗೇ ಬೆಳೆಯಿತು. ಪ್ರೀತಿಯಿಂದಲೇ ಹಾಕಿದ್ದು, ಆದರೆ ಅದು ಬೆಕ್ಕಿನ ಆಹಾರ ಅಲ್ಲ.

ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಅದಕ್ಕೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ಅದು ಮಾಂಸ, ಮೀನಿನಲ್ಲಿ ಇರುತ್ತದೆ. ಅಕ್ಕಿಯಲ್ಲಿ ಇಲ್ಲ. ಬಹಳ ಕಾಲ ಸಿಗದಿದ್ದರೆ ಬೆಕ್ಕಿನ ಕಣ್ಣು ಹೋಗಬಹುದು, ಹೃದಯ ಸೊರಗಬಹುದು. ಇನ್ನು ಹಾಲಿನ ವಿಷಯ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಸರಿಯಾಗಿ ಜೀರ್ಣವಾಗುವುದೇ ಇಲ್ಲ.

ಇದಕ್ಕೂ ಹಕ್ಕಿಗೂ ಏನು ಸಂಬಂಧ? ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 219 ಮನೆಗಳ 355 ಬೆಕ್ಕುಗಳನ್ನು 12 ವಾರ ಗಮನಿಸಿದ್ದರು. ಮಾಂಸದ ಪ್ರೋಟೀನ್ ಹೆಚ್ಚಿರುವ, ಧಾನ್ಯ ಇಲ್ಲದ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ 36% ಇಳಿಯಿತು. ಬೆಕ್ಕನ್ನು ಕಟ್ಟಿ ಹಾಕಿದ್ದಲ್ಲ, ಗದರಿಸಿದ್ದಲ್ಲ. ಊಟ ಬದಲಾಯಿಸಿದ್ದು ಅಷ್ಟೇ.

ಮಾಂಸ ಮೀನು ಬೇಯಿಸುವ ಮನೆಯಾದರೆ ಸುಲಭ. ಬೂತಾಯಿಯೋ ಕೋಳಿಯೋ, ಉಪ್ಪು ಖಾರ ಹಾಕುವ ಮೊದಲೇ ಒಂದು ಪಾಲು ತೆಗೆದು ಬೇಯಿಸಿ, ಮುಳ್ಳು ಮೂಳೆ ತೆಗೆದು ಕೊಡಿ. ಬರೀ ಹಸಿ ಮೀನಿನ ಮೇಲೆ ಸಾಕಬೇಡಿ, ಬಿ1 ವಿಟಮಿನ್ ಕೊರತೆ ಬರುತ್ತದೆ. ಸಾರು ಕಲಸಿದ ಅನ್ನ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ.

ಅಡುಗೆಮನೆಗೆ ಮಾಂಸ ತರದವರು ಅಂಗಡಿಯಲ್ಲಿ ಸಿಗುವ ಕ್ಯಾಟ್ ಫುಡ್ ತನ್ನಿ. ಪೊಟ್ಟಣದ ಹಿಂದೆ ಬರೆದಿದ್ದನ್ನು ಓದಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮಾಂಸ ಅಥವಾ ಮೀನು ಇರಬೇಕು, ಜೋಳ ಗೋಧಿ ಇರಬಾರದು. ಟಾರಿನ್ ಸೇರಿಸಿದ್ದಾರಾ ನೋಡಿ. ನಾಯಿಯ ಆಹಾರ ಕೊಟ್ಟರೆ ಸಾಲದು, ಅದನ್ನು ನಾಯಿಗೆ ಬೇಕಾದ ಹಾಗೆ ಮಾಡಿರುತ್ತಾರೆ. ನಮ್ಮ ಮನೆಯಲ್ಲಿ ಅತ್ತೆ ಮೊದಲು ಒಪ್ಪಲಿಲ್ಲ. ಹಿಂದಿನ ಜಗಲಿಯಲ್ಲಿ ಬೇರೆ ಡಬ್ಬಿ, ಬೇರೆ ತಟ್ಟೆ, ಬೇರೆ ಚಮಚ ಇಟ್ಟ ಮೇಲೆ ಸುಮ್ಮನಾದರು. ಈಗ ಸಂಜೆ ತಟ್ಟೆಗೆ ಹಾಕುವುದು ಅವರೇ.

ಹಳೇ ಊಟವನ್ನು ಒಂದೇ ದಿನ ನಿಲ್ಲಿಸಬೇಡಿ. ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪ ಬದಲಾಯಿಸಿ. ಹೊಸದನ್ನು ಬೆಕ್ಕು ಒಂದಿಡೀ ದಿನ ಮುಟ್ಟದಿದ್ದರೆ ಹಳೆಯದನ್ನು ಮತ್ತೆ ಬೆರೆಸಿ. ಬೆಕ್ಕು ಉಪವಾಸ ಇರಬಾರದು.

ಹೊಟ್ಟೆ ತುಂಬಿದರೆ ಬೇಟೆ ಪೂರ್ತಿ ನಿಲ್ಲುತ್ತದೆ ಅಂತ ಮಾತ್ರ ತಿಳಿಯಬೇಡಿ. ಊಟದ ಮಧ್ಯೆ ಇಲಿ ಕಂಡರೆ ಊಟ ಬಿಟ್ಟು ಹೋಗಿ, ಅದನ್ನು ಕೊಂದು, ಮತ್ತೆ ಬಂದು ತಟ್ಟೆಗೆ ಬಾಯಿ ಹಾಕುವ ಪ್ರಾಣಿ ಇದು. ಅದಕ್ಕೇ ಮುಂದಿನ ಹೆಜ್ಜೆಗಳೂ ಬೇಕು.

ಹೆಜ್ಜೆ 4: ದಿನಕ್ಕೆ ಹತ್ತು ನಿಮಿಷ ಆಟ

ಅದೇ ಎಕ್ಸೆಟರ್ ಪ್ರಯೋಗದಲ್ಲಿ ದಿನಕ್ಕೆ ಐದು ಹತ್ತು ನಿಮಿಷ ಬೆಕ್ಕಿನ ಜೊತೆ ಆಡಿದ ಮನೆಗಳಲ್ಲಿ ಬೇಟೆ 25% ಕಡಿಮೆಯಾಯಿತು. ದುಡ್ಡು ಖರ್ಚು ಮಾಡಬೇಕಿಲ್ಲ. ತೆಂಗಿನ ಪೊರಕೆಯ ಗಟ್ಟಿ ಕಡ್ಡಿ ನಾಲ್ಕೈದನ್ನು ಸೇರಿಸಿ ಕಟ್ಟಿ. ಅದರ ತುದಿಗೆ ಒಂದು ಮಾರು ದಾರ, ದಾರದ ತುದಿಗೆ ಬಟ್ಟೆಯ ಗಂಟು. ಗರಿ ಕಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಬಟ್ಟೆಯ ಗಂಟನ್ನು ಬೆಕ್ಕಿನ ಮುಖಕ್ಕೆ ತಾಗಿಸಬೇಡಿ. ಬೇಟೆ ಹೇಗೆ ಓಡುತ್ತದೋ ಹಾಗೆ ಅದರಿಂದ ದೂರ ಎಳೆಯಿರಿ. ಚಾಪೆಯ ಅಡಿಗೆ ತೂರಿಸಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಬೆಕ್ಕು ಮೈ ಕುಗ್ಗಿಸಿ, ಹಿಂದಿನ ಕಾಲು ಅಲ್ಲಾಡಿಸಿ, ಹಾರಬೇಕು. ಕೊನೆಗೆ ಹಿಡಿಯಲು ಬಿಡಿ. ಹಿಡಿದು ಕಚ್ಚಿ ತೃಪ್ತಿಯಾದ ತಕ್ಷಣ ಊಟ ಹಾಕಿ. ಹೊಂಚು, ಹಿಡಿತ, ಊಟ, ನಿದ್ದೆ. ಬೆಕ್ಕಿನ ಮೈಗೆ ಗೊತ್ತಿರುವ ಕ್ರಮ ಇದು. ಆಟ ಮುಗಿದ ಮೇಲೆ ದಾರವನ್ನು ಕೈಗೆ ಸಿಗದ ಹಾಗೆ ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ.

ಒಂದು ಎಚ್ಚರಿಕೆ. ಉರುಳಿಸಿದರೆ ಕ್ಯಾಟ್ ಫುಡ್ ಕಾಳು ಬೀಳುವ ಆಟಿಕೆ ಡಬ್ಬಿಗಳು ಸಿಗುತ್ತವಲ್ಲ, ಅದೇ ಪ್ರಯೋಗದಲ್ಲಿ ಅವನ್ನು ಕೊಟ್ಟ ಮನೆಗಳಲ್ಲಿ ಬೇಟೆ 33% ಜಾಸ್ತಿಯಾಗಿತ್ತು. ಬೆಕ್ಕಿಗೆ ಬೇಜಾರಾಗಿ ಹಸಿವು ಉಳಿದಿರಬಹುದು ಅಂತ ಆ ಸಂಶೋಧಕರ ಊಹೆ. ಹೊರಗೆ ಹೋಗುವ ಬೆಕ್ಕಿಗೆ ಅದು ಬೇಡ.

ಹೆಜ್ಜೆ 5: ಸಂಜೆ ಒಳಗೆ, ಬೆಳಗ್ಗೆ ಒಂಬತ್ತರ ತನಕ ಒಳಗೆ

ಬೇರೆ ಏನೂ ಮಾಡಲು ಆಗದಿದ್ದರೂ ಇದೊಂದನ್ನು ಇವತ್ತೇ ಶುರು ಮಾಡಿ. ಹಕ್ಕಿಗಳು ನೆಲಕ್ಕಿಳಿದು ಮೈಮರೆತು ಮೇಯುವುದು ಬೆಳಗಿನ ಮೊದಲ ಎರಡು ಮೂರು ಗಂಟೆ. ಸಂಜೆ ಮತ್ತೆ ಸ್ವಲ್ಪ ಹೊತ್ತು. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿರಲಿ.

ಫೆಬ್ರವರಿ ಕೊನೆಯಿಂದ ಜುಲೈ ತನಕ ಇನ್ನೂ ಬಿಗಿ ಮಾಡಿ. ಪಿಕಳಾರ, ಮಡಿವಾಳ ಹಕ್ಕಿ, ಸೂರಕ್ಕಿ, ಸಿಂಪಿಗ, ಹೆಚ್ಚಿನ ಹಿತ್ತಲ ಹಕ್ಕಿಗಳು ಗೂಡು ಕಟ್ಟುವ ಕಾಲ ಅದು. ಪಿಕಳಾರದ ಮರಿ ಎರಡು ವಾರದ ಒಳಗೇ ಗೂಡು ಬಿಡುತ್ತದೆ. ಆಗ ಅದಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಗಿಡದ ಬುಡದಲ್ಲಿ ಕುಪ್ಪಳಿಸುತ್ತಾ ಅಪ್ಪ ಅಮ್ಮನನ್ನು ಕೂಗುತ್ತದೆ. ಆ ಕೂಗು ಬೆಕ್ಕಿಗೂ ಕೇಳುತ್ತದೆ. ಹಿತ್ತಲಲ್ಲಿ ಮರಿ ಕಂಡರೆ ಒಂದು ವಾರ ಬೆಕ್ಕನ್ನು ಹೊರಗೆ ಬಿಡಲೇಬೇಡಿ. ಒಂದು ವಾರ ಅಷ್ಟೇ. ಒಂದು ಸಂಸಾರ ಉಳಿಯುತ್ತದೆ.

ಚಳಿಗಾಲದ ಮುಂಚೆ ಇನ್ನೊಂದು ಅತಿಥಿ ಬರುತ್ತದೆ, ನವರಂಗ. ಹಿಮಾಲಯದ ತಪ್ಪಲಿನಿಂದ, ಮಧ್ಯ ಭಾರತದಿಂದ ರಾತ್ರಿಯೆಲ್ಲ ಹಾರಿ ದಕ್ಷಿಣಕ್ಕೆ ಬರುವ ಬಣ್ಣದ ಹಕ್ಕಿ. ಸುಸ್ತಾಗಿ ಊರೊಳಗಿನ ಹಿತ್ತಲಲ್ಲೂ ಇಳಿಯುತ್ತದೆ. ತರಗೆಲೆ ಕೆದಕುತ್ತಾ ನೆಲದ ಮೇಲೇ ಇರುತ್ತದೆ. ಬೆಕ್ಕಿಗೆ ಇದಕ್ಕಿಂತ ಸುಲಭದ ಬೇಟೆ ಇಲ್ಲ. ಅಕ್ಟೋಬರ್ ಬಂದರೆ ನನಗೆ ಅದೇ ಚಿಂತೆ.

"ಬೆಕ್ಕು ಸಾಕಿರೋದೇ ಇಲಿಗೆ, ಒಳಗೆ ಹಾಕಿದರೆ ಇಲಿ ಹಿಡಿಯೋರು ಯಾರು?" ಅಂತ ತೋಟದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಲಿ ಓಡಾಡುವುದು ರಾತ್ರಿ, ಹಕ್ಕಿ ಓಡಾಡುವುದು ಹಗಲು. ಸಂಜೆ ಬೆಕ್ಕನ್ನು ಅಡಿಕೆ ಚೀಲ, ಭತ್ತ ಇರುವ ಕೋಣೆಗೋ ಅಟ್ಟಕ್ಕೋ ಬಿಟ್ಟು ಬಾಗಿಲು ಹಾಕಿ. ನೀರು, ಕಕ್ಕಸಿಗೆ ಮರಳಿನ ಬಾನಿ ಅಲ್ಲೇ ಇರಲಿ. ಅದರ ಕೆಲಸವೂ ಆಯಿತು, ಹಕ್ಕಿಯೂ ಉಳಿಯಿತು. ಹೆಗ್ಗಣಕ್ಕೆ ಮಾತ್ರ ಬೆಕ್ಕನ್ನು ನಂಬಬೇಡಿ. ನ್ಯೂಯಾರ್ಕಿನ ಒಂದು ಕಸದ ಕೇಂದ್ರದಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಬೆಕ್ಕುಗಳು ಕೊಂದಿದ್ದು ಎರಡೇ ಹೆಗ್ಗಣ. ಅದಕ್ಕೆ ಬೋನು ಇಡಿ, ಗೋಡೆಯ ತೂತು ಮುಚ್ಚಿ, ಧಾನ್ಯವನ್ನು ಡ್ರಮ್ಮಿನಲ್ಲಿ ಇಡಿ.

ಹೆಜ್ಜೆ 6: ನಿಧಾನವಾಗಿ ಒಳಮನೆಯ ಬೆಕ್ಕು ಮಾಡುವುದು

"ಬೆಕ್ಕನ್ನ ಯಾರಾದ್ರೂ ಕೂಡಿ ಹಾಕ್ತಾರೇನೇ?" ಅಂತ ಅತ್ತೆ ಕೇಳಿದ್ದರು. ಹಾಕುತ್ತಾರೆ. ಜರ್ಮನಿಯ ವಾಲ್‌ಡಾರ್ಫ್ ಎಂಬ ಊರಿನಲ್ಲಿ ಜುಟ್ಟಿನ ನೆಲಗುಬ್ಬಿಯ ಗೂಡುಗಳನ್ನು ಉಳಿಸಲು 2022ರಲ್ಲಿ ಬೇಸಿಗೆಯ ಕೆಲವು ತಿಂಗಳು ಬೆಕ್ಕುಗಳನ್ನು ಹೊರಗೆ ಬಿಡಬಾರದೆಂದು ಆದೇಶ ಹೊರಡಿಸಿದರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದ ಬೆಕ್ಕುಗಳು ಮನೆಯ ಆವರಣದೊಳಗೇ ಇರಬೇಕೆಂಬ ನಿಯಮ ಇದೆ. ಬೆಕ್ಕಿಗೂ ಇದರಲ್ಲಿ ಒಳ್ಳೆಯದಿದೆ. ರಸ್ತೆ, ನಾಯಿ, ಹಾವು, ಬೇರೆ ಬೆಕ್ಕಿನ ರೋಗ, ನಮ್ಮ ಮಲೆನಾಡಿನಲ್ಲಿ ಚಿರತೆ, ಇವೆಲ್ಲದರಿಂದ ದೂರ ಇರುತ್ತದೆ.

ಮರಿಯಿಂದಲೇ ಒಳಗೆ ಬೆಳೆದ ಬೆಕ್ಕು ಹೊರಗೆ ಬಿಡಿ ಅಂತ ಕೇಳುವುದೇ ಕಡಿಮೆ. ಹೊರಗೆ ಓಡಾಡಿ ರೂಢಿಯಾದದ್ದಕ್ಕೆ ಮೂರರಿಂದ ಆರು ವಾರ ಬೇಕು. ಮೊದಲ ವಾರ ಊಟವನ್ನು ಒಳಗೆ, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಹಾಕಿ. ಎರಡನೇ ವಾರ ಊಟ ಆದ ಮೇಲೆ ಒಂದೆರಡು ಗಂಟೆ ಬಾಗಿಲು ಮುಚ್ಚಿ. ದಿನಾ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಹೋಗಿ. ಆಟವನ್ನು ಬಾಗಿಲು ಮುಚ್ಚಿದ ಹೊತ್ತಿನಲ್ಲೇ ಆಡಿಸಿ.

ಕಕ್ಕಸಿಗೆ ಅಗಲವಾದ ಪ್ಲಾಸ್ಟಿಕ್ ಬಾನಿ ಸಾಕು, ಎತ್ತರ ಒಂದು ಗೇಣು ಇದ್ದರೆ ಮಣ್ಣು ಹೊರಗೆ ಚೆಲ್ಲುವುದಿಲ್ಲ. ಬಾನಿಗೆ ತುಂಬಲು ಅಂಗಡಿಯಲ್ಲಿ ಸಿಗುವ ಲಿಟರ್ ಎಂಬ ಪುಡಿ ದುಬಾರಿ ಆಯಿತಾ? ಹೊಳೆ ಮರಳು, ಸಾ ಮಿಲ್ಲಿನ ಮರದ ಹೊಟ್ಟು, ಭತ್ತದ ಹೊಟ್ಟು ಯಾವುದಾದರೂ ಆಗುತ್ತದೆ. ಮೊದಲು ಅದು ಹೊರಗೆ ಹೋಗುತ್ತಿದ್ದ ಜಾಗದ ಮಣ್ಣನ್ನು ಒಂದು ಹಿಡಿ ಬೆರೆಸಿ, ವಾಸನೆಗೆ ಗುರುತು ಹಿಡಿಯುತ್ತದೆ. ಬಾನಿ ಊಟದ ತಟ್ಟೆಯಿಂದ ದೂರ ಇರಲಿ. ಒಂದು ಬೆಕ್ಕಿಗೆ ಎರಡು ಬಾನಿ, ಎರಡಕ್ಕೆ ಮೂರು. ದಿನಾ ತೆಗೆಯಲೇಬೇಕು. ಬಸುರಿ ಹೆಂಗಸರು ಈ ಕೆಲಸ ಮಾಡಬಾರದು, ಅದರಿಂದ ಹೊಟ್ಟೆಯ ಮಗುವಿಗೆ ತೊಂದರೆ ಕೊಡುವ ಸೋಂಕು ತಗಲಬಹುದು.

ಉಗುರು ಕೆರೆಯಲು ಒಂದು ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ನಿಲ್ಲಿಸಿ. ಕಿಟಕಿಯ ಹತ್ತಿರ ಎತ್ತರದಲ್ಲಿ ಒಂದು ಹಲಗೆ ಹಾಕಿ. ಬೆಕ್ಕಿಗೆ ಮೇಲಿನಿಂದ ನೋಡುತ್ತಾ ಕೂರುವುದು ಅಂದರೆ ಪ್ರಾಣ.

ಕಷ್ಟದ ಭಾಗ ಬೆಳಗಿನ ಜಾವದ ಕೂಗು. ನಾಲ್ಕೂವರೆಗೆ ಬಾಗಿಲ ಹತ್ತಿರ ಕೂತು ಕೂಗುತ್ತದೆ. ಮನೆಯವರ ನಿದ್ದೆ ಹಾಳು. ನಾನು ಐದನೇ ದಿನ ಸೋತು ಬಾಗಿಲು ತೆಗೆದೆ. ಅದೇ ತಪ್ಪು. ಎಷ್ಟು ಹೊತ್ತು ಕೂಗಿದರೆ ಬಾಗಿಲು ತೆರೆಯುತ್ತದೆ ಅಂತ ಚುಕ್ಕಿ ಕಲಿತುಬಿಟ್ಟಿತು, ಮತ್ತೆ ಎರಡು ವಾರ ಹಿಂದಕ್ಕೆ ಹೋದೆವು. ನೀವು ತೆಗೆಯಬೇಡಿ. ಬೈಯಲೂ ಬೇಡಿ, ಎದ್ದು ಹೋಗಿ ಮಾತಾಡಿಸಲೂ ಬೇಡಿ. ರಾತ್ರಿ ಮಲಗುವ ಮುಂಚೆ ಚೆನ್ನಾಗಿ ಆಡಿಸಿ, ಕೊನೆಯ ಊಟವನ್ನು ಆಗ ಹಾಕಿ. ಮೂರನೇ ವಾರಕ್ಕೆ ಕೂಗು ಇಳಿಯಿತು.

ಹಂಚಿನ ಮನೆಯಾದರೆ ಗೋಡೆ ಮತ್ತು ಮಾಡಿನ ನಡುವಿನ ಸಂದಿಯಲ್ಲಿ ಬೆಕ್ಕು ನುಸುಳಿ ಹೋಗುತ್ತದೆ. ಇಡೀ ಮನೆ ಮುಚ್ಚುವುದು ಆಗದ ಮಾತು. ತಾರಸಿಯೋ ಹಲಗೆಯ ಮುಚ್ಚಿಗೆಯೋ ಇರುವ ಒಂದು ಕೋಣೆಯನ್ನು ಆರಿಸಿಕೊಳ್ಳಿ, ಸಾಕು.

ಹೆಜ್ಜೆ 7: ಬಲೆಯ ಜಗಲಿ

ಬಿಸಿಲು, ಗಾಳಿ, ಹಕ್ಕಿಯ ಕೂಗು ಬೆಕ್ಕಿಗೂ ಬೇಕು. ಹಿಂದಿನ ಜಗಲಿಯನ್ನೋ ಬಾಲ್ಕನಿಯನ್ನೋ ಬಲೆ ಹಾಕಿ ಮುಚ್ಚಿದರೆ ಇಬ್ಬರಿಗೂ ಸುಖ. ಸೊಳ್ಳೆ ಪರದೆಯ ಬಲೆ ಉಗುರಿಗೆ ಹರಿಯುತ್ತದೆ. ಪಾರಿವಾಳ ಬರದಂತೆ ಹಾಕುವ ನೈಲಾನ್ ನೆಟ್ಟನ್ನು ಬೆಕ್ಕು ಕಚ್ಚಿ ತೂತು ಮಾಡುತ್ತದೆ, ಸಡಿಲವಾದ ನೈಲಾನಿಗೆ ಹಕ್ಕಿಯೂ ಸಿಕ್ಕಿಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಇಂಚಿನ ಕಣ್ಣಿನ ವೆಲ್ಡ್ ಮೆಶ್ ಕೇಳಿ. ಕಬ್ಬಿಣದ ಇಲ್ಲವೇ ಮರದ ಚೌಕಟ್ಟಿಗೆ ಬೈಂಡಿಂಗ್ ವೈರಿನಲ್ಲಿ ಬಿಗಿಯಿರಿ. ಮೇಲ್ಭಾಗವನ್ನೂ ಮುಚ್ಚಬೇಕು, ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ. ತಂತಿಯ ತುದಿಗಳನ್ನು ಒಳಗೆ ಬಗ್ಗಿಸಿ. ನಮ್ಮಲ್ಲಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಅಷ್ಟೇ ಇದೆ. ಚುಕ್ಕಿ ದಿನದ ಅರ್ಧ ಅಲ್ಲೇ ಮಲಗಿರುತ್ತದೆ.

ಹೆಜ್ಜೆ 8: ಹೊರಗೆ ಹೋಗಲೇಬೇಕಾದ ಬೆಕ್ಕಿಗೆ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವುದು ಹಳೇ ಪ್ರಶ್ನೆ. ಕಟ್ಟಿದರೆ ಉಪಯೋಗ ಇದೆಯಾ ಅನ್ನುವುದು ಇವತ್ತಿನ ಪ್ರಶ್ನೆ. ಬ್ರಿಟನ್ನಿನ ಕೆಲವು ಹಳೇ ಅಧ್ಯಯನಗಳಲ್ಲಿ ಗಂಟೆಯಿಂದ ಬೇಟೆ ಕಡಿಮೆಯಾಗಿತ್ತು. ಎಕ್ಸೆಟರ್ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾರಲು ಬಾರದ ಮರಿಗೆ ಗಂಟೆ ಕೇಳಿಸಿದರೂ ಅದು ಎಲ್ಲಿಗೆ ಹೋದೀತು?

ಅದಕ್ಕಿಂತ ಬಣ್ಣದ ಪಟ್ಟಿ ಮೇಲು. ಕಾಲರಿನ ಮೇಲೆ ಎದ್ದು ಕಾಣುವ ಬಣ್ಣದ ಬಟ್ಟೆಯ ನೆರಿಗೆ ಹಾಕಿದ್ದರಿಂದ ಅದೇ ಪ್ರಯೋಗದಲ್ಲಿ ಹಕ್ಕಿ ಬೇಟೆ 42% ಇಳಿಯಿತು. ಹಕ್ಕಿಗಳು ಬಣ್ಣವನ್ನು ಬಹಳ ಚೆನ್ನಾಗಿ ಗುರುತಿಸುತ್ತವೆ. ಇಲಿಗೆ ಆ ಶಕ್ತಿ ಕಡಿಮೆ, ಹಾಗಾಗಿ ಇಲಿ ಹಿಡಿಯುವುದಕ್ಕೆ ಅಷ್ಟಾಗಿ ಅಡ್ಡಿಯಿಲ್ಲ. ಕೆಂಪು, ಹಳದಿ, ಕಿತ್ತಳೆ ಬಣ್ಣದ ಹಳೇ ಬಟ್ಟೆಯಲ್ಲಿ ಎರಡು ಇಂಚು ಅಗಲದ ಉದ್ದ ಚೀಲ ಹೊಲಿದು ಕಾಲರಿಗೆ ತೂರಿಸಿದರೆ ಆಯಿತು. ಕಾಲರ್ ಮಾತ್ರ ಎಳೆದರೆ ಬಿಚ್ಚಿಕೊಳ್ಳುವ ಕ್ಲಿಪ್ಪಿನದ್ದೇ ಆಗಬೇಕು, ಕೊಂಬೆಗೆ ಸಿಕ್ಕಿ ಉಸಿರು ಕಟ್ಟಬಾರದು. ಕುತ್ತಿಗೆ ಮತ್ತು ಕಾಲರಿನ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ಹೆಜ್ಜೆ 9: ಹಿತ್ತಲನ್ನು ಸರಿ ಮಾಡಿ

ಪಕ್ಕದ ಮನೆ ಬೆಕ್ಕನ್ನು ನಾವು ಹಿಡಿದು ಕೂಡಿ ಹಾಕಲು ಆಗಲ್ಲ. ಹಿತ್ತಲು ನಮ್ಮ ಕೈಯಲ್ಲಿದೆ. ಹಕ್ಕಿಗೆ ನೀರಿಡುವ ತಟ್ಟೆಯನ್ನು ಪೊದೆಯಿಂದ ಏಳೆಂಟು ಅಡಿ ದೂರ, ಬಯಲಲ್ಲಿ, ಸೊಂಟದೆತ್ತರದ ಕಲ್ಲಿನ ಮೇಲೆ ಇಡಿ. ಹತ್ತಿರದಲ್ಲಿ ಬೆಕ್ಕು ಅಡಗುವ ಜಾಗ ಇರಬಾರದು. ಬೆಕ್ಕು ಓಡಾಡುವ ಕಡೆ ಅಕ್ಕಿ, ರಾಗಿ ನೆಲಕ್ಕೆ ಎರಚಬೇಡಿ. ಹಕ್ಕಿಯನ್ನು ಕರೆದು ಬೆಕ್ಕಿನ ಬಾಯಿಗೆ ಕೊಟ್ಟ ಹಾಗಾಗುತ್ತದೆ. ಗೂಡಿರುವ ಮರದ ಕಾಂಡಕ್ಕೆ ಐದಾರು ಅಡಿ ಎತ್ತರದಲ್ಲಿ ಎರಡು ಅಡಿ ಅಗಲದ ನುಣುಪು ತಗಡು ಸುತ್ತಿದರೆ ಉಗುರು ಜಾರುತ್ತದೆ. ಪಕ್ಕದ ಗೋಡೆಯಿಂದ ಹಾರುವಂತಿದ್ದರೆ ಅದೂ ವ್ಯರ್ಥ, ನೋಡಿಕೊಳ್ಳಿ. ಕವಳಿ, ನಿಂಬೆಯಂಥ ಮುಳ್ಳಿನ ಗಿಡ ಇದ್ದರೆ ಹಕ್ಕಿಗೆ ಅದಕ್ಕಿಂತ ಒಳ್ಳೆ ಕೋಟೆ ಬೇರೆ ಬೇಡ. ನಾನು ಬಟ್ಟೆ ಒಗೆಯೋ ಕಲ್ಲಿನ ಹಿಂದೆ ಮುಳ್ಳಿನ ಕಸ ತುಂಬಿಸಿದೆ. ಚುಕ್ಕಿಯ ಹೊಂಚಿನ ಜಾಗ ಅಲ್ಲಿಗೆ ಮುಗಿಯಿತು.

ಬೀದಿ ಬೆಕ್ಕುಗಳು

ಅನ್ನ ಹಾಕುವವರ ಮೇಲೆ ನನಗೆ ಗೌರವ ಇದೆ. ಅವರಲ್ಲಿ ಒಂದು ಕೋರಿಕೆ. ಬರೀ ಅನ್ನ ಹಾಕಿ ಆಪರೇಷನ್ ಮಾಡಿಸದಿದ್ದರೆ ಆರು ತಿಂಗಳಲ್ಲಿ ಬೆಕ್ಕು ಎರಡಿದ್ದದ್ದು ಎಂಟಾಗುತ್ತದೆ. ಹಗಲು ಒಂದೇ ಹೊತ್ತು ನಿಗದಿ ಮಾಡಿ, ಕೆರೆ ದಡ ಮತ್ತು ಪೊದೆಗಳಿಂದ ದೂರ ಹಾಕಿ, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ. ದಿನಾ ಅದೇ ಹೊತ್ತಿಗೆ ಬಂದರೆ ಬೋನಿನಲ್ಲಿ ಹಿಡಿದು ಆಪರೇಷನ್ ಮಾಡಿಸುವುದೂ ಸುಲಭ. ಕಿವಿಯ ತುದಿ ಸ್ವಲ್ಪ ಕತ್ತರಿಸಿದ ಬೆಕ್ಕು ಕಂಡರೆ ಅದಕ್ಕೆ ಆಗಲೇ ಆಗಿದೆ ಅಂತ ಅರ್ಥ.

ಆಪರೇಷನ್ ಆದ ಬೀದಿ ಬೆಕ್ಕೂ ಬೇಟೆಯಾಡುತ್ತದೆ. ಸಂಖ್ಯೆ ಇಳಿಯುವುದು ಒಂದು ಜಾಗದ ಹತ್ತಿರ ಹತ್ತಿರ ಎಲ್ಲ ಬೆಕ್ಕಿಗೂ ಮಾಡಿಸಿದಾಗ, ಹೊಸ ಮರಿ ತಂದು ಬಿಡುವುದು ನಿಂತಾಗ. ಹಾಗಾಗಿ ಪಳಗುವ ಮರಿಗಳಿಗೆ ಮನೆ ಹುಡುಕಿ. ವಿಷ ಹಾಕುವುದು, ಹೊಡೆಯುವುದು ಕ್ರೌರ್ಯ, ಅಪರಾಧ ಕೂಡ. ವಿಷದ ತುಂಡನ್ನು ಕಾಗೆ, ಹದ್ದು, ನಾಯಿ ಕೂಡ ತಿನ್ನುತ್ತವೆ.

ಬೆಕ್ಕಿನ ಬಾಯಿಂದ ಹಕ್ಕಿ ಬಿಡಿಸಿದರೆ

ಗಾಯ ಕಾಣುತ್ತಿಲ್ಲ ಅಂತ ಹಾಗೇ ಹಾರಿ ಬಿಡಬೇಡಿ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಚುಚ್ಚಿದಷ್ಟು ಚಿಕ್ಕ ಗಾಯ ಸಾಕು, ಗರಿಯ ಅಡಿಯಲ್ಲಿ ಕಾಣುವುದೂ ಇಲ್ಲ. ಒಂದೆರಡು ದಿನದಲ್ಲಿ ನಂಜೇರಿ ಹಕ್ಕಿ ಸಾಯುತ್ತದೆ. ಅದೇ ದಿನ ಪಶುವೈದ್ಯರಿಗೆ ತೋರಿಸಿ, ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಕೊಡಬೇಡಿ.

ಮೆತ್ತಗಿನ ಬಟ್ಟೆಯಲ್ಲಿ ಹಿಡಿದು, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕತ್ತಲಾದ ಸದ್ದಿಲ್ಲದ ಜಾಗದಲ್ಲಿ ಇಡಿ. ಬಾಯಿಗೆ ನೀರು ಹಾಕಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಹಾಲು, ಅನ್ನ ಬೇಡ. ಮಕ್ಕಳು ಪದೇ ಪದೇ ತೆಗೆದು ನೋಡದಂತೆ ನೋಡಿಕೊಳ್ಳಿ, ಹೆದರಿಕೆಗೇ ಹಕ್ಕಿ ಸಾಯಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನವರಿಗೆ ಕೆಂಗೇರಿಯ ಹತ್ತಿರ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ.

ನೆಲದ ಮೇಲೆ ಸಿಕ್ಕ ಮರಿಯನ್ನು ಬೆಕ್ಕು ಮುಟ್ಟಿಲ್ಲ, 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಮನೆಯಲ್ಲಿ ಸಾಕುವಂತೆಯೂ ಇಲ್ಲ. ಆಗ ಏನು ಮಾಡುವುದು? ಮೈತುಂಬ ಗರಿ, ಮೋಟು ಬಾಲ ಇದ್ದರೆ ಅದು ಹಾರಲು ಕಲಿಯುತ್ತಿರುವ ಮರಿ, ಹತ್ತಿರದ ದಟ್ಟ ಕೊಂಬೆಯ ಮೇಲೆ ಕೂರಿಸಿ. ಗರಿ ಬಂದಿಲ್ಲದಿದ್ದರೆ ಗೂಡು ಹುಡುಕಿ ಅದರಲ್ಲೇ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟು ಹೋಗುತ್ತದೆ ಅನ್ನುವುದು ಸುಳ್ಳು. ಆಮೇಲೆ ಇಪ್ಪತ್ತು ಅಡಿ ದೂರ ಹೋಗಿ ಕಾಯಿರಿ. ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯೊಳಗೆ ದೊಡ್ಡ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಬರುತ್ತದೆ. ಅಷ್ಟರ ತನಕ ಬೆಕ್ಕು ಒಳಗಿದೆಯಾ, ಹಿಂದಿನ ಬಾಗಿಲ ಚಿಲಕ ಹಾಕಿದೆಯಾ ಅಂತ ಒಮ್ಮೆ ನೋಡಿಕೊಂಡು ಬನ್ನಿ.